ಬೆರಳಮ್ಮ ಟವೆಲ್ ಎಸೆದ ಸಂಜೆ

ಬೆರಳಮ್ಮನಿಗೆ ಆ ಹೆಸರಿಟ್ಟವರು ಅವಳ ಕೈಕೆಳಗಿನ ಹುಡುಗಿಯರು. ದೊಡ್ಡ ಹೋಟೆಲೊಂದಕ್ಕೆ ಕೋಣೆ ಗುಡಿಸುವವಳಾಗಿ ಸೇರಿ, ಮೂವತ್ತೊಂದು ವರ್ಷ ಅಲ್ಲೇ ಸವೆದು, ಗುಡಿಸುವವರ ಮೇಲ್ವಿಚಾರಕಿಯಾಗಿ ನಿವೃತ್ತಳಾದವಳು. ಕೋಣೆ ಸಿದ್ಧ ಎಂದು ಯಾರಾದರೂ ಅಂದರೆ ಸಾಕು, ಬಾಗಿಲ ಚೌಕಟ್ಟಿನ ಮೇಲೆ, ಕನ್ನಡಿಯ ಹಿಂದೆ ತೋರುಬೆರಳು ಎಳೆದು, ಅದನ್ನು ಹುಡುಗಿಯ ಮೂಗಿನ ಮುಂದೆ ಹಿಡಿಯುತ್ತಿದ್ದಳು. ಬೈಗುಳವಿಲ್ಲ, ಮಾತಿಲ್ಲ. ಬೆರಳೇ ಸಾಕಾಗುತ್ತಿತ್ತು.

ಆದರೆ ಅವಳ ಅಸಲಿ ತಿರಸ್ಕಾರ ಮೀಸಲಾಗಿದ್ದುದು ಅತಿಥಿಗಳಿಗೆ. ಶೂ ಹಾಕಿಕೊಂಡೇ ಹಾಸಿಗೆಯಲ್ಲಿ ಉರುಳುವವರು, ಪರದೆಗೆ ಕೈ ಒರೆಸುವವರು, ಸೋಪು ಕದ್ದು ಪೆಟ್ಟಿಗೆ ತುಂಬುವ ಸೂಟುಬೂಟಿನ ಘನಸ್ಥರು. ಇವರೆಲ್ಲರಿಗಿಂತ ಕಡೆ ಎಂದರೆ ಒದ್ದೆ ಟವೆಲನ್ನು ನೆಲಕ್ಕೆಸೆದು ಹೊರಡುವವರು. ನೇತುಹಾಕುವ ಕೊಕ್ಕೆ ಕಣ್ಣೆದುರಿಗೇ ಇದ್ದರೂ ಎಸೆಯುತ್ತಾರೆ. ಅಂಥವರಿಗೆ ಕೆಲಸದವರ ನಡುವೆ ಒಂದು ಹೆಸರಿತ್ತು: ಗಂಡಸಾದರೆ ದೊರೆ, ಹೆಂಗಸಾದರೆ ದೊರೆಸಾನಿ. ‘ಮುನ್ನೂರ ಹದಿನಾಲ್ಕರ ದೊರೆಸಾನಿ ಹೊರಟ್ಲು’ ಅಂದರೆ, ಯಾರೋ ಒಬ್ಬಳು ಮಂಡಿಯೂರಬೇಕು ಎಂದರ್ಥ.

ಹೊಸದಾಗಿ ಸೇರಿದವರಿಗೆ ಅವಳ ಮೊದಲ ಪಾಠ ಹೀಗಿರುತ್ತಿತ್ತು: “ಹೊಟ್ಟೆ ಒಳಗೆ ಎಷ್ಟಾದ್ರೂ ಬೈಕೊಳ್ಳಿ, ಯಾರು ಬೇಡ ಅಂತಾರೆ? ಮುಖದಲ್ಲಿ ಮಾತ್ರ ನಗು ಇರ್ಲಿ. ತಲೆ ಒಂಚೂರು ವಾಲಿಸಿ, ಮೇಲಿನ ಹಲ್ಲಷ್ಟೇ ಕಾಣ್ಬೇಕು. ಆಮೇಲೆ ಗುಡ್ ಈವನಿಂಗ್ ಮೇಡಂ ಅನ್ನಿ.”

ಇಷ್ಟೆಲ್ಲ ಹೇಳುವವಳಿಗೆ, ಯಾರಿಗೂ ಹೇಳಿಕೊಳ್ಳಲಾಗದ ಒಂದು ಆಸೆಯಿತ್ತು. ಸಾಯುವುದರೊಳಗೆ ಒಂದೇ ಒಂದು ಸಂಜೆ ತಾನೂ ಹಾಗೆ ಎಸೆದು, ತಿರುಗಿ ನೋಡದೆ ಹೊರಡಬೇಕು.

ನಿವೃತ್ತಿಯಾದ ಮರುವರ್ಷ ತಂಗಿಯ ಜೊತೆ ವಿದೇಶ ಪ್ರವಾಸ ಹೊರಟಿದ್ದು ಮುಖ್ಯವಾಗಿ ಇದಕ್ಕೇ. ತಂಗಿ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ, ಜಾಲರಿಯ ಹಿಂದೆ ಕುಳಿತು ಆಯುಸ್ಸು ಕಳೆದವಳು. ಜಾಲರಿ ಇಲ್ಲದೆ ಕಾಣುವುದೆಲ್ಲ ಅವಳಿಗೆ ಚಂದವೇ.

ಹೋಟೆಲ್ ಕೋಣೆಗೆ ಕಾಲಿಟ್ಟ ಕೂಡಲೇ ತಂಗಿ ಕಿಟಕಿಗೆ ಓಡಿದಳು, ಅಕ್ಕ ಕನ್ನಡಿಯ ಹಿಂದೆ ಬೆರಳು ಎಳೆದಳು.

“ಥೂ. ಇದನ್ನ ಗುಡಿಸಿದ್ದು ಅಂತಾರಾ?”

“ಅಕ್ಕಾ, ಇಲ್ಲಿ ನೋಡು, ನೀರು ಕಾಣುತ್ತೆ!”

“ನೀರು ಎಲ್ಲೂ ಓಡಿಹೋಗಲ್ಲ. ಧೂಳು ನೋಡು ಇದು.”

ಸ್ನಾನ ಮುಗಿಸಿ ಬಂದ ಬೆರಳಮ್ಮ ಒದ್ದೆ ಟವೆಲ್ ಹಿಡಿದು ನಡುಮನೆಯಷ್ಟು ಅಗಲದ ಆ ಕೋಣೆಯ ಮಧ್ಯೆ ಒಂದು ಗಳಿಗೆ ನಿಂತಳು. ಆಮೇಲೆ ಎಸೆದಳು. ಟವೆಲ್ ಮಂಚದ ಕಾಲಿನ ಹತ್ತಿರ ಮುದ್ದೆಯಾಗಿ ಬಿತ್ತು.

“ಏನಕ್ಕಾ ಇದು? ಕೊಕ್ಕೆ ಅಲ್ಲೇ ಇದೆಯಲ್ಲ.”

“ಇರ್ಲಿ ಬಿಡು. ಎತ್ತೋಕೆ ಜನ ಇದ್ದಾರೆ.”

ಆ ಮಾತು ಬಾಯಲ್ಲಿ ಬೆಲ್ಲದ ಹಾಗೆ ಕರಗಿತು. ಬೆರಳಮ್ಮ ತಿರುಗಿ ನೋಡದೆ ಹೊರಟಳು.

ಬೀದಿಯುದ್ದಕ್ಕೂ ಅವಳ ತಪಾಸಣೆ ನಡೆಯಿತು. ಅಂಗಡಿಯ ಗಾಜಿನ ಮೇಲೆ ಒರೆಸಿದ ಬಟ್ಟೆಯ ಗೀರು. ಮೆಟ್ಟಿಲ ಮೂಲೆಯಲ್ಲಿ ಕಸ; ನಡುವಿನದನ್ನಷ್ಟೇ ಗುಡಿಸಿದ್ದಾರೆ, ಮೈಗಳ್ಳರು. ನೀರಿನ ದಡದ ತೆರೆದ ಹೋಟೆಲಿನಲ್ಲಿ ಕುಳಿತರೆ ಚಮಚದ ಮೇಲೆ ನೀರಿನ ಕಲೆ. ಅವಳು ಅದನ್ನು ಬೆಳಕಿಗೆ ಹಿಡಿದಾಗ ತಂಗಿಗೆ ರೇಗಿತು.

“ನೀನು ಊಟಕ್ಕೆ ಬಂದಿದ್ದೀಯೋ, ತಪ್ಪು ಹುಡುಕೋಕೋ? ಒಂದು ಸಂಜೆ ಸುಮ್ನೆ ಕೂತ್ಕೋ ಮಾರಾಯ್ತಿ.”

ಬೆರಳಮ್ಮ ಚಮಚ ಕೆಳಗಿಟ್ಟಳು. ಸೂರ್ಯ ಮುಳುಗುತ್ತಿದ್ದ. ಹುಡುಗಿಯೊಬ್ಬಳು ತಂಪಾದ ಹಣ್ಣಿನ ರಸ ತಂದಿಟ್ಟು ಹೋದಳು. ಬೆನ್ನನ್ನು ಪೂರ್ತಿ ಕುರ್ಚಿಗೆ ಕೊಟ್ಟು ಕುಳಿತು ಎಷ್ಟು ಕಾಲವಾಗಿತ್ತೋ, ಬೆನ್ನಿಗೂ ನೆನಪಿರಲಿಲ್ಲ. “ಚೆನ್ನಾಗಿದೆ ಕಣೇ,” ಎಂದಳು. ನಿಜವಾಗಿಯೂ ಚೆನ್ನಾಗಿತ್ತು. ಬಂದ ಕೆಲಸ ಆಯಿತು ಅನ್ನಿಸಿತು.

ಆಗ ಪಕ್ಕದ ಮೇಜಿನ ದಢೂತಿ ಆಸಾಮಿ ತನ್ನ ಲೋಟ ಉರುಳಿಸಿದ. ಕೆಂಪು ಪಾನೀಯ ಮೇಜಿನಿಂದ ನೆಲಕ್ಕೆ ಸುರಿಯಿತು. ಅವನು ಮುಖ ಕೂಡ ತಿರುಗಿಸದೆ, ಎದುರಿನವಳ ಜೊತೆ ಮಾತಾಡುತ್ತಲೇ ಗಾಳಿಯಲ್ಲಿ ಎರಡು ಸಲ ಚಿಟಿಕೆ ಹೊಡೆದ.

“ಬಂದೆ ಸಾರ್!”

ಹೇಳಿದವಳು ಬೆರಳಮ್ಮ. ತನ್ನದೇ ದನಿ ಕೇಳಿಸುವಷ್ಟರಲ್ಲಿ ಅವಳು ಮೇಜಿನ ಬಿಳಿ ಕರವಸ್ತ್ರ ಹಿಡಿದು ಅವನ ಕಾಲ ಬುಡದಲ್ಲಿ ಮಂಡಿಯೂರಿದ್ದಳು. ಅಂಚಿನಿಂದ ನಡುವಿಗೆ ಒರೆಸುತ್ತಿದ್ದಳು, ಹುಡುಗಿಯರಿಗೆ ಕಲಿಸಿದ ಹಾಗೆಯೇ. ಆ ಮನುಷ್ಯ ಮಾತು ನಿಲ್ಲಿಸಲಿಲ್ಲ, ಕೆಳಗೆ ನೋಡಲಿಲ್ಲ. ಒರೆಸಲು ಅನುಕೂಲವಾಗಲಿ ಎಂದು ಎರಡೂ ಪಾದ ಒಂದಿಷ್ಟು ಮೇಲೆತ್ತಿದ, ಅಷ್ಟೆ.

“ಅಕ್ಕಾ!” ಎಂದಳು ತಂಗಿ. “ಏಳು! ಎದ್ದೇಳು ಮೊದಲು!”

ರಸ ತಂದಿಟ್ಟಿದ್ದ ಹುಡುಗಿ ಓಡಿಬಂದು ಬಟ್ಟೆ ಕಿತ್ತುಕೊಂಡಳು. ಬೆರಳಮ್ಮ ಕುರ್ಚಿ ಹಿಡಿದು ಎದ್ದಳು. ಅವಮಾನದಿಂದ ಕಿವಿ ಬಿಸಿಯಾಗಿದ್ದವು. ಆದರೆ ಕಣ್ಣು ಮಾತ್ರ ಆ ಎತ್ತಿದ ಪಾದಗಳ ಮೇಲೇ ಇತ್ತು. ಎಂಥ ಕೊಬ್ಬು, ಎಂಥ ಅಸಹ್ಯ! ಕ್ಯಾಕರಿಸಿ ಉಗಿಯಬೇಕು ಅನ್ನಿಸಿತು. ಅದರ ಬೆನ್ನಿಗೇ ಮಂಚದ ಕಾಲಿನ ಹತ್ತಿರ ಬಿದ್ದ ಟವೆಲ್ ನೆನಪಾಯಿತು.

“ಗಂಟೆ ಎಷ್ಟು?”

“ಆರೂಕಾಲು. ಯಾಕೆ?”

“ಆರೂವರೆಗೆ ಸಂಜೆ ಪಾಳಿಯವರು ಹಾಸಿಗೆ ಸರಿಮಾಡೋಕೆ ರೂಮಿಗೆ ಬರ್ತಾರೆ. ನಡಿ, ನಡಿ.”

“ಊಟ ಇನ್ನೂ ಬಂದಿಲ್ಲ! ನಾನಂತೂ ಏಳಲ್ಲ.”

ಬೆರಳಮ್ಮ ಒಬ್ಬಳೇ ಓಡಿದಳು. ಅರವತ್ತು ದಾಟಿದ ಮಂಡಿಗಳು ಎಷ್ಟು ಓಡಿಸುತ್ತವೋ ಅಷ್ಟು. ಬರುವಾಗ ಬೈದ ಗಾಜು, ಮೆಟ್ಟಿಲು ಯಾವುದೂ ಕಣ್ಣಿಗೆ ಬೀಳಲಿಲ್ಲ. ಲಿಫ್ಟಿಗೆ ಕಾಯದೆ ಮೂರು ಮಹಡಿ ಹತ್ತಿದಳು.

ಕೋಣೆಯ ಬಾಗಿಲು ತೆರೆದಿತ್ತು. ಹೊರಗೆ ಹೊದಿಕೆಗಳ ತಳ್ಳುಗಾಡಿ. ಒಳಗೆ ಅವಳದೇ ವಯಸ್ಸಿನ ಹೆಂಗಸೊಬ್ಬಳು ಒಂದು ಕೈಯಿಂದ ಮಂಚ ಹಿಡಿದು, ನೆಲದಿಂದ ಮೆಲ್ಲಗೆ ಏಳುತ್ತಿದ್ದಳು. ಇನ್ನೊಂದು ಕೈಯಲ್ಲಿ ಟವೆಲ್.

ನಾನೂ ಇದೇ ಕೆಲಸದವಳು, ಮೂವತ್ತೊಂದು ವರ್ಷ ಇದನ್ನೇ ಎತ್ತಿದ್ದೀನಿ, ಎಂದು ಹೇಳಬೇಕೆನಿಸಿತು. ಏದುಸಿರು ಬಿಡುತ್ತ ಬೆರಳಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಹೆಂಗಸು ಅವಳನ್ನು ಕಂಡು ನೆಟ್ಟಗೆ ನಿಂತಳು. ತಲೆ ಒಂಚೂರು ವಾಲಿಸಿ ನಕ್ಕಳು. ಮೇಲಿನ ಹಲ್ಲಷ್ಟೇ ಕಂಡವು.

“ಗುಡ್ ಈವನಿಂಗ್ ಮೇಡಂ.”

ಆ ನಗುವಿನ ಹಿಂದೆ ತನ್ನನ್ನು ಏನೆಂದು ಕರೆದಳೆಂಬುದು ಬೆರಳಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅವಳು ದಾರಿ ಬಿಟ್ಟು ಪಕ್ಕಕ್ಕೆ ಸರಿದು, “ಥ್ಯಾಂಕ್ಯೂ,” ಎಂದಳು, ದೊರೆಸಾನಿಯರೆಲ್ಲ ಹೇಳುವ ಹಾಗೆಯೇ.