ಏಳು ಸೀಟಿನ ಗಾಡಿ ಮತ್ತು ಹಿರಿಯಕ್ಕನ ಮೊಣಕಾಲು

ನಾನು ಏಳು ಸೀಟಿನ ಗಾಡಿ ತಗೊಂಡದ್ದು ಹಿರಿಯಕ್ಕನ ಮೊಣಕಾಲಿಗಾಗಿ. ಈ ಮಾತು ಹೇಳಿದಾಗಲೆಲ್ಲ ನನ್ನ ಹೆಂಡತಿ ಬೇರೆ ಕಡೆ ನೋಡುತ್ತಾಳೆ. ಗಾಡಿಯ ಎತ್ತರ, ಮುಂದಿನ ದೊಡ್ಡ ಮೂತಿ, ನಮ್ಮ ಮಾಸೂರಿನ ಓಣಿಯಲ್ಲಿ ಅದು ತಿರುಗುವಾಗ ಕಟ್ಟೆಯ ಮೇಲಿನವರು ಕಾಲು ಮೇಲೆ ಎಳೆದುಕೊಳ್ಳುವುದು, ಇವೆಲ್ಲ ನನಗೆ ಹಿಡಿಸಿದ್ದು ನಿಜ. ಇಷ್ಟು ದೊಡ್ಡ ಗಾಡಿ ನಮ್ಮಂಥವರ ಕೈಗೂ ಎಟುಕುತ್ತದೆ ಎಂದು ತಿಳಿದ ದಿನ ರಾತ್ರಿ ನಿದ್ದೆ ಬರಲಿಲ್ಲ ಎನ್ನುವುದೂ ನಿಜ. ಆದರೂ ಮೂಲ ಕಾರಣ ಅಕ್ಕನ ಮೊಣಕಾಲೇ.

ನನಗೆ ಮೂವರು ಅಕ್ಕಂದಿರು. ಹಿರಿಯವಳು ಹಾನಗಲ್ಲಿನಲ್ಲಿ, ನಡುವಿನವಳು ಶಿಗ್ಗಾಂವದಲ್ಲಿ, ಸಣ್ಣವಳು ಸವಣೂರಿನಲ್ಲಿ. ಪಂಚಮಿ ಬಂತೆಂದರೆ ಅಣ್ಣತಮ್ಮಂದಿರು ಹೋಗಿ ಅಕ್ಕತಂಗಿಯರನ್ನು ತವರಿಗೆ ಕರೆತರಬೇಕು, ನಮ್ಮ ಕಡೆ ಇದರಲ್ಲಿ ರಿಯಾಯಿತಿ ಇಲ್ಲ. ಆದರೆ ಮೊಣಕಾಲು ಕೆಟ್ಟ ಮೇಲೆ ಹಿರಿಯಕ್ಕನಿಗೆ ಬಸ್ಸಿನ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ನನ್ನ ಮೋಟರ್ ಸೈಕಲ್ ಅಂತೂ ಆಗದ ಮಾತು. ಕೆಲವು ವರ್ಷಗಳಿಂದ ಅವಳು ಹಬ್ಬಕ್ಕೆ ಬಂದೇ ಇರಲಿಲ್ಲ. ಗಾಡಿ ಮನೆಗೆ ಬಂದ ದಿನ ಅವ್ವ ಅದರ ಮೂತಿಗೆ ಕುಂಕುಮ ಹಚ್ಚುತ್ತ, "ಮೂರೂ ಮಂದಿ ನನ್ನ ಕೂಡ ಕುಂತು ಉಂಡಿ ತಿನ್ನೂದನ್ನ ಒಮ್ಮೆ ನೋಡಬೇಕಪಾ. ಮತ್ತ ನನಗೇನೂ ಬ್ಯಾಡ" ಎಂದಳು. ಅಲ್ಲಿಗೆ ನನ್ನ ಕೆಲಸ ನಿಶ್ಚಯವಾಯಿತು.

ಶೋರೂಮಿನಲ್ಲಿ ಎಲ್ಲವೂ ಬಹಳ ಸುಲಭವಾಗಿ ಕಂಡಿತ್ತು. ನಡುಸಾಲಿನ ಎಡಗಡೆಯ ಸೀಟಿನ ಹಿಡಿಕೆ ಎಳೆದರೆ ಸೀಟು ಮುಂದಕ್ಕೆ ಮಗುಚುತ್ತದೆ, ಆ ಸಂದಿಯಿಂದ ಹಿಂದಿನ ಸಾಲಿಗೆ ಹೋಗಬೇಕು. ಮಾರಾಟದವನು ಸಪೂರ ಮನುಷ್ಯ, ಸರಕ್ಕನೆ ನುಸುಳಿ ಹಿಂದೆ ಕೂತು ಕೈಬೀಸಿದ. ನಾನೂ ಹೋಗಿ ಕೂತೆ. ನನ್ನ ಮೊಣಕಾಲು ಗದ್ದಕ್ಕೆ ತಾಗಿತು. "ಹಿಂದ ಸಣ್ಣ ಹುಡುಗ್ರು ಕುಂದರ್ತಾವ್ರಿ ಸರ್" ಎಂದು ಅವನು ಸಮಾಧಾನ ಹೇಳಿದ. ನನ್ನನ್ನು ಹೊರಗೆ ತೆಗೆಯಲು ಹೆಂಡತಿ ಕೈಹಿಡಿದು ಎಳೆಯಬೇಕಾಯಿತು. ಆದರೆ ಅಷ್ಟರಲ್ಲಿ ನಾನು ಬಣ್ಣ ಆರಿಸಿಯಾಗಿತ್ತು.

ಹೊರಡುವ ಮುಂಚೆ ಹೆಂಡತಿ ಒಂದು ಮಾತು ಹೇಳಿದಳು.

"ಏನ್ರೀ, ಹಾವೇರಿ ಮ್ಯಾಲಿಂದ ಮೊದ್ಲ ಸವಣೂರಿಗೆ ಹೋಗೂಣು. ಸಣ್ಣಕ್ಕಾರು ಹುಡುಗ್ರನ್ನ ಕರ್ಕೊಂಡು ಹಿಂದ ಕುಂದರ್ತಾರ. ಆಮ್ಯಾಲೆ ಶಿಗ್ಗಾಂವ, ಕಡೀಕ ಹಾನಗಲ್ಲ. ದೊಡ್ಡಕ್ಕಾರು ಒಮ್ಮೆ ಹತ್ತಿದ್ರ ಇಲ್ಲೇ ಬಂದು ಇಳಿದ್ರಾತು."

ಅವ್ವ ಒಳಗಿನಿಂದಲೇ ಗದರಿದಳು. "ಹಿರೇಮಗಳನ್ನ ಬಿಟ್ಟು ಸಣ್ಣಾಕಿನ್ನ ಮೊದ್ಲ ಕರೀತಾರೇನು? ಆಕಿ ಏನ್ ಅಂದ್ಕೊಂಡಾಳು! ಕರಿಯೂದು ಹಿರ್ಯಾಕಿಯಿಂದ."

ನಮ್ಮ ಮನೆತನ ಹಿರಿಯರಿಂದ ಶುರುವಾಗುತ್ತದೆ, ಈ ಗಾಡಿ ಹಿಂದಿನ ಸೀಟಿನಿಂದ ತುಂಬುತ್ತದೆ. ಇವೆರಡೂ ಒಂದಕ್ಕೊಂದು ಹೊಂದುವುದಿಲ್ಲ ಎಂದು ನನ್ನ ಹೆಂಡತಿಗೆ ಆಗಲೇ ತಿಳಿದಿತ್ತು. ನಾನು ಅವ್ವನ ಕಡೆ ನಿಂತೆ. ಇಂಥ ಹೊತ್ತಿನಲ್ಲಿ ಹೆಂಡತಿಯ ಕಡೆ ನಿಲ್ಲುವ ರೂಢಿ ನನಗಿನ್ನೂ ಆಗಿಲ್ಲ.

ಹಾನಗಲ್ಲಿನಲ್ಲಿ ಹಿರಿಯಕ್ಕನನ್ನು ಮರ್ಯಾದೆಯಿಂದ ಮುಂದಿನ ಸೀಟಿನಲ್ಲಿ ಕೂರಿಸಿದೆ. ಅವಳು ಕೊಟ್ಟ ಅಕ್ಕಿಯ ಚೀಲವನ್ನು, ಹಿಂದಿನ ಸಾಲು ಮಡಚಿ, ಅಲ್ಲಿ ಮಲಗಿಸಿದೆ. ಊರು ದಾಟುವವರೆಗೆ ಚೆನ್ನಾಗಿತ್ತು. ಎದುರಿಗೆ ಒಂದು ಲಾರಿ ಬಂತು ನೋಡಿ, ಅಕ್ಕ "ಮೈಮ್ಯಾಲ ಬಂತೋ ತಮ್ಮಾ!" ಎಂದು ಕೂಗಿ ನನ್ನ ತೋಳು ಹಿಡಿದಳು. ಮುಂದಿನ ಲಾರಿಗೆ ಗೇರು ಹಿಡಿದಳು. ಗಾಡಿ ನಡುರಸ್ತೆಯಲ್ಲಿ ಕುಣಿದು ನಿಂತಿತು. ಆಗ ನಡುಸಾಲಿನಲ್ಲಿದ್ದ ಹೆಂಡತಿ ಮುಂದೆ ಬಂದಳು, ಅಕ್ಕ ನಡುಸಾಲಿನ ಎಡಗಡೆ ಕೂತಳು. ಬಲಗಡೆ ಒಲ್ಲೆ ಎಂದಳು, ಅಲ್ಲಿ ಬಾಗಿಲು ರಸ್ತೆಯ ಕಡೆ ತೆರೆಯುತ್ತದಲ್ಲ. ಆ ಸಾಲು ಮೂವರಿಗೆ ಎಂದು ಕಂಪನಿಯವರು ಹೇಳುತ್ತಾರೆ. ಅವರು ನಮ್ಮಕ್ಕನನ್ನು ನೋಡಿಲ್ಲ.

ಆದರೆ ಅಲ್ಲಿ ಕೂತ ಮೇಲೆ ಅವಳ ಮುಖ ಅರಳಿತು. "ಏನ್ ತಂಪ ಐತೋ ತಮ್ಮಾ! ಕಾಲು ಚಾಚಾಕ ಬರತೈತಿ ನೋಡು" ಎಂದಳು. ನಾನು ಹೆಂಡತಿಯ ಕಡೆ ನೋಡಿದೆ. ಅವಳು ಕಿಟಕಿಯ ಕಡೆ ನೋಡಿದಳು.

ಶಿಗ್ಗಾಂವದಲ್ಲಿ ನಡುವಿನಕ್ಕ ಬಲಗಡೆಯಿಂದ ಹತ್ತಿದಳು. ಅವಳ ಚೀಲಗಳು ಅಕ್ಕಿಯ ಚೀಲದ ಮೇಲೆ ಹೋದವು. ನನಗೆ ಗೆದ್ದಷ್ಟು ಹಿಗ್ಗು.

ಸವಣೂರಿನಲ್ಲಿ ಸಣ್ಣಕ್ಕ ಇಳಕಲ್ ಸೀರೆ ಉಟ್ಟು, ಹೂವು ಮುಡಿದು, ಇಬ್ಬರು ಮಕ್ಕಳೊಂದಿಗೆ ಬಾಗಿಲಲ್ಲಿ ನಿಂತಿದ್ದಳು. ಹಿಂದೆ ಅವಳ ಅತ್ತೆ, ಅಕ್ಕಪಕ್ಕದ ಮನೆಯವರು. ಈಗ ಹಿಂದಿನ ಸಾಲು ಎಬ್ಬಿಸಬೇಕಲ್ಲ? ಸಾಮಾನೆಲ್ಲ ಅವರ ಮನೆಯ ಮುಂದೆ ಇಳಿಸಿದೆ. ಸಾಲು ಎಬ್ಬಿಸಿದ ಮೇಲೆ ನೋಡಿದರೆ ಡಿಕ್ಕಿಯಲ್ಲಿ ಉಳಿದದ್ದು ಒಂದು ಕೈಚೀಲ, ಒಂದು ತಂಬಿಗೆ ಇಡುವಷ್ಟು ಜಾಗ. ಅಕ್ಕಿಯ ಚೀಲ ಹೆಂಡತಿಯ ಕಾಲಬುಡಕ್ಕೆ ಹೋಯಿತು. ಸಣ್ಣಕ್ಕ ತವರಿಗೆಂದು ತಂದ ವೀಳ್ಯದೆಲೆಯ ಕಟ್ಟು ಹೆಂಡತಿಯ ತೊಡೆಗೆ ಹೋಯಿತು. ಅವಳು ಮತ್ತೆ ಕಿಟಕಿಯ ಕಡೆ ನೋಡಿದಳು, ಅದೇ ನನಗೆ ಹೆದರಿಕೆ.

ಇನ್ನು ಸಣ್ಣಕ್ಕ ಹಿಂದೆ ಹೋಗಬೇಕು. ಮಗುಚುವ ಸೀಟಿನ ಮೇಲೆ ಹಿರಿಯಕ್ಕ ಕಾಲು ಚಾಚಿ ಕೂತಿದ್ದಾಳೆ. ಅವಳನ್ನು ಇಳಿಸುವ ಮನಸ್ಸಾಗಲಿಲ್ಲ. ಹಿಂದಿನ ಒಂದು ಸೀಟು ಮಡಚಿ ಡಿಕ್ಕಿ ತೆರೆದೆ. ಮಕ್ಕಳು ಕೇಕೆ ಹಾಕುತ್ತ ಅಲ್ಲಿಂದಲೇ ತೂರಿಕೊಂಡರು. "ನೀನೂ ಇಲ್ಲಿಂದನ ಹತ್ತಿಬಿಡವಾ" ಎಂದೆ.

ಸಣ್ಣಕ್ಕ ನನ್ನನ್ನೇ ನೋಡಿದಳು. ಅವಳ ಅತ್ತೆ ಬಹಳ ನಯವಾಗಿ ಕೇಳಿದರು: "ಹೌದ್ರೀ, ನಮ್ಮ ಸೊಸೀನ್ನ ಡಿಕ್ಕಿಯೊಳಗ ಹಾಕ್ಕೊಂಡು ಹೊಂಟೀರೇನ್ರೀ?"

ಪಕ್ಕದ ಮನೆಯವರು ಸೆರಗು ಬಾಯಿಗೆ ಹಿಡಿದರು. ಸಣ್ಣಕ್ಕ ಕೈಯಲ್ಲಿದ್ದ ಚೀಲ ಕಟ್ಟೆಯ ಮೇಲಿಟ್ಟು, "ನಾ ಬರೂದಿಲ್ಲ. ನೀವೆಲ್ಲಾ ಹೋಗ್ರಿ" ಎಂದಳು. ಮೂವರಲ್ಲಿ ಇಬ್ಬರನ್ನೇ ಕರೆದುಕೊಂಡು ಹೋಗಿ ಅವ್ವನಿಗೆ ಏನು ಹೇಳಲಿ?

ಅಷ್ಟರಲ್ಲಿ ಎಡಗಡೆಯ ಬಾಗಿಲು ತೆರೆಯಿತು. ಹಿರಿಯಕ್ಕ ಮೊದಲು ಒಂದು ಕಾಲು, ಆಮೇಲೆ ಶಿವನ ಹೆಸರು, ಆಮೇಲೆ ಇನ್ನೊಂದು ಕಾಲು ಇಳಿಸಿದಳು. ಮೊಣಕಾಲು ಲಟ್ ಎಂದದ್ದು ನನಗೂ ಕೇಳಿಸಿತು.

"ಬಾರವಾ" ಎಂದಳು ತಂಗಿಗೆ. "ತವರಮನಿ ಬಾಗಲಾ ಇತ್ಲಾಗ ಐತಿ."

ಸಣ್ಣಕ್ಕ ತಲೆಯೆತ್ತಿ, ರಾಣಿಯ ಗತ್ತಿನಲ್ಲಿ ಹೋಗಿ ಹಿಂದೆ ಕೂತಳು. ಹಿರಿಯಕ್ಕನನ್ನು ಮತ್ತೆ ಹತ್ತಿಸಲು ಒಳಗಿನಿಂದ ನಡುವಿನಕ್ಕ ಎಳೆದಳು, ಹೊರಗಿನಿಂದ ನಾನೂ ಹೆಂಡತಿಯೂ ನೂಕಿದೆವು. ಸಣ್ಣಕ್ಕನ ಅತ್ತೆಯೂ ಒಂದು ಕೈ ಹಚ್ಚಿದರು ಎಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು.

ಹಿಂದಿನ ಸಾಲಿಗೆ ತಂಪುಗಾಳಿ ಮುಟ್ಟುವುದಿಲ್ಲ ಎನ್ನುವುದು ಹಾವೇರಿಯ ಹತ್ತಿರ ಗೊತ್ತಾಯಿತು. ಸಣ್ಣಕ್ಕ ಕೂಗಿದ್ದು ನಡುವಿನಕ್ಕನಿಗೆ ಕೇಳುತ್ತಿತ್ತು, ಅವಳು ಹೇಳಿದ್ದು ನನಗೆ. ನಾನು ಗಾಳಿ ಹೆಚ್ಚು ಮಾಡಿದರೆ ಮುಂದೆ ಕೂತ ಹೆಂಡತಿಗೆ ಶೀನು. ಹಿರಿಯಕ್ಕ ಮಾತ್ರ ಮೊಣಕಾಲು ತಿಕ್ಕುತ್ತಿದ್ದಳು.

ಮಾಸೂರಿನಲ್ಲಿ ಮನೆಯ ಮುಂದೆ ಗಾಡಿ ನಿಲ್ಲಿಸಿದಾಗ ಮಕ್ಕಳು ಡಿಕ್ಕಿಯಿಂದಲೇ ಹಾರಿ ಜೋಕಾಲಿಗೆ ಓಡಿದರು. ಹಿರಿಯಕ್ಕ ಇಳಿಯಲು ನೋಡಿದಳು. ಮೊಣಕಾಲು ಬಾತು ಮಡಚದಂತಾಗಿತ್ತು. ಎರಡು ಸಲ ಯತ್ನಿಸಿ ಹಿಂದಕ್ಕೆ ಒರಗಿ, "ಬಾಗಲಕ್ಕ ಬಂದೂ ಒಳಗ ಬರಾಕ ಆಗವಲ್ದಲ್ಲ ಅವ್ವಾ" ಎಂದು ಅತ್ತೇಬಿಟ್ಟಳು. ನನಗೆ ಆ ಗಾಡಿಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಅದರ ಎತ್ತರಕ್ಕೆ ಮರುಳಾದ ನನ್ನ ಮೇಲೂ ಬಂತು.

ಬಾಗಿಲಲ್ಲಿ ನಿಂತಿದ್ದ ಅವ್ವ ಒಳಗೆ ಹೋದಳು. ಬರುವಾಗ ಕೈಯಲ್ಲಿ ಉಂಡಿಯ ಡಬ್ಬಿ. ಬಲಗಡೆಯಿಂದ ಬಂದು, ನಡುವಿನಕ್ಕನನ್ನು ಸರಿಸಿ, ಸೀರೆ ಎತ್ತಿಕಟ್ಟಿ ಗಾಡಿ ಹತ್ತಿ, ಹಿರಿಯಕ್ಕನಿಗೆ ಅಂಟಿಕೊಂಡು ಕೂತಳು. "ಬಾಗಲಾ ಹಾಕಪಾ. ತಂಪು ಹೊರಗ ಹೊಂಟೈತಿ."

ಹಾಕಿದೆ. ಒಳಗಿನ ಸದ್ದು ಪೂರಾ ನಿಂತುಹೋಯಿತು. ಗಾಜಿನಲ್ಲಿ ಎಲ್ಲ ಕಾಣುತ್ತಿತ್ತು. ಅವ್ವ ಉಂಡಿ ಮುರಿದು ಹಿರಿಯಕ್ಕನ ಬಾಯಿಗಿಟ್ಟಳು. ಹಿಂದಿನಿಂದ ಸಣ್ಣಕ್ಕನ ಕೈ ಬಂದು ಇನ್ನರ್ಧ ಕಸಿಯಿತು. ನಡುವಿನಕ್ಕ ಏನೋ ಹೇಳಿದಳು, ನಾಲ್ವರೂ ಗಾಡಿ ಅಲುಗಾಡುವಂತೆ ನಕ್ಕರು. ಹಿರಿಯಕ್ಕ ಕಣ್ಣೊರೆಸಿಕೊಳ್ಳುತ್ತ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.

ನಾನು ಓಣಿಯಲ್ಲಿ ನಿಂತಿದ್ದೆ. ಬಹಳ ಹೊತ್ತಾದ ಮೇಲೆ ಗಾಜು ನಾಲ್ಕು ಬೆರಳಷ್ಟು ಇಳಿಯಿತು. ಓಡಿ ಹೋದೆ.

"ಚಾ ಮಾಡಿಸ್ಕೊಂಡು ಬಾ" ಎಂದಳು ಅವ್ವ. "ನಾಕು ಕಪ್ಪು."

ಗಾಜು ಏರಿತು. ನನ್ನ ಗಾಡಿಯಲ್ಲಿ ನನಗೆ ಜಾಗ ಇರಲಿಲ್ಲ, ಒಂದು ಕಪ್ಪು ಚಹಾ ಕೂಡ ಇರಲಿಲ್ಲ. ಹೊಟ್ಟೆಕಿಚ್ಚಾಯಿತು. ಆದರೂ ಅಷ್ಟು ಸಂತೋಷ ಗಾಡಿಯ ಬೀಗದ ಕೈ ಸಿಕ್ಕ ದಿನವೂ ನನಗೆ ಆಗಿರಲಿಲ್ಲ.