ಒಲೆಯ ಬಳಿಯ ಮುದ್ದಮ್ಮ
ಗಂಡ ಸತ್ತ ಮೇಲೆ ಮುದ್ದಮ್ಮ ಗೋಣಿಬೀಡಿನ ಹೋಟೆಲೊಂದರಲ್ಲಿ ಇಡ್ಲಿ ಬೇಯಿಸುವ ಕೆಲಸಕ್ಕೆ ಸೇರಿದಳು. ಬಡಿಸುವ ಷಡಕ್ಷರಿ ಮತ್ತಿತರ ಗಂಡಸರು ಮುಂದೆ ಗಿರಾಕಿಗಳೊಡನೆ ನಗುತ್ತ ಹರಟುತ್ತಿದ್ದರು. ಇವಳು ಹಿಂದಿನ ಹೊಗೆಕೋಣೆಯಲ್ಲಿ ಒಬ್ಬಳೇ. ಊಟವೂ ಅಲ್ಲೇ.

ಯುದ್ಧಕಾಲದ ಒಂದು ಮಳೆಗಾಲದ ದಿನ ರಸ್ತೆ ಕುಸಿದು, ಇದ್ದಿಲ ಹೊಗೆಯಿಂದ ಓಡುವ ಬಸ್ಸು ಬರಲಿಲ್ಲ. ಯಜಮಾನರು ಗಂಡಸರಿಗೆಲ್ಲ ರಜೆ ಕೊಟ್ಟು ತಾವೂ ಮನೆಗೆ ಹೋದರು. ನೆನೆಸಿದ ಅಕ್ಕಿ ರುಬ್ಬಬೇಕಿತ್ತು, ಹಾಗಾಗಿ ಮುದ್ದಮ್ಮನಿಗೆ ರಜೆಯಿಲ್ಲ.

ಅಂದು ಮೊದಲ ಸಲ ಅವಳು ಗಿರಾಕಿಗಳ ಬೆಂಚಿನ ಮೇಲೆ ಕೂತಳು. ಅಷ್ಟರಲ್ಲಿ ಬಿಳಿ ದೊರೆಗಳ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಬಂದರು.

“ಯಾರೂ ಇಲ್ವಾ?”

“ನಾನಿದ್ದೀನಲ್ಲ ಸ್ವಾಮಿ,” ಎಂದು ಎದ್ದು ಬಿಸಿ ಇಡ್ಲಿ ಬಡಿಸಿದಳು.

ಕೈ ತೊಳೆದು ಹೊರಡುತ್ತ ರೈಟರೆಂದರು: “ಷಡಕ್ಷರಿ ಇಡ್ಲಿ ಅಂದ್ರೆ ಇಡ್ಲಿ. ಅವ್ನಿಗೆ ಹೇಳಮ್ಮ.”

“ಮಾಡೋದು ನಾನು,” ಎನ್ನಲು ಮುದ್ದಮ್ಮ ಬಾಯಿ ತೆರೆಯುವಷ್ಟರಲ್ಲಿ ಅವರು ಛತ್ರಿ ಬಿಡಿಸಿ ರಸ್ತೆಗಿಳಿದಿದ್ದರು.

‘ಮಾಡೋದು ನಾನು’ ಎಂಬ ಆ ಮಾತನ್ನು ಅವಳು ಆಮೇಲೂ ಯಾರಿಗೂ ಹೇಳಲಿಲ್ಲ.