ಹಲ್ಲಕ್ಕನ ಬೆಂಕಿ ಕಾರು

ಹಲ್ಲಕ್ಕ ಎಂಬುದು ಅವಳಿಗೆ ಕೆಲಸದ ಜಾಗದಲ್ಲಿ ಅಂಟಿಕೊಂಡ ಹೆಸರು. ಹಲ್ಲಿನ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ, ಎರಡು ಕಿಟಕಿಗಳ ಉದ್ದನೆಯ ಕೋಣೆಯೊಂದರಲ್ಲಿ ಕೂತು ಅವಳು ಇಪ್ಪತ್ತಾರು ವರ್ಷಗಳಿಂದ ಹಲ್ಲಿನ ಸೆಟ್ಟು ಮಾಡುತ್ತಿದ್ದಳು. ಕೆಳಗಿನಿಂದ ಬಾಯಿಯ ಅಳತೆ ಬರುತ್ತಿತ್ತು. ಅವಳು ಅದಕ್ಕೆ ಪ್ಲಾಸ್ಟರ್ ಸುರಿದು ದವಡೆಯ ಅಚ್ಚು ತೆಗೆದು, ಗುಲಾಬಿ ಬಣ್ಣದ ಮೇಣದಲ್ಲಿ ಒಸಡು ತಿದ್ದಿ, ಅದರಲ್ಲಿ ಒಂದೊಂದೇ ಹಲ್ಲು ನಿಲ್ಲಿಸುತ್ತಿದ್ದಳು. ಊರಿನ ಅರ್ಧದಷ್ಟು ಮುದುಕರು ನಗುತ್ತಿದ್ದದ್ದು ಅವಳ ಕೈಯ ಹಲ್ಲಿನಲ್ಲೇ. ಬಸ್ಸಿನಲ್ಲಿ ಎದುರು ಕೂತವರು ಆಕಳಿಸಿದರೆ, "ಇದು ನಂದು, ಎಡಗಡೆ ಕೋರೆಹಲ್ಲು ಸ್ವಲ್ಪ ಒಳಗೆ ಹೋಗಿದೆ" ಎಂದು ಮನಸ್ಸಿನಲ್ಲೇ ತಪ್ಪು ಹುಡುಕಿಕೊಳ್ಳುತ್ತಿದ್ದಳು.

ಮನೆಯಲ್ಲಿ ಮೂರೇ ಜನ. ಗಂಡ ಲಿಫ್ಟ್ ರಿಪೇರಿಯವನು. ದಿನವಿಡೀ ಊರವರನ್ನೆಲ್ಲ ಮೇಲೆ ಕೆಳಗೆ ಸಾಗಿಸಿ, ಸಂಜೆ ಸ್ವಂತ ಮನೆಯ ಮೆಟ್ಟಿಲು ಹತ್ತುವಾಗ ಏದುಸಿರು ಬಿಡುವವನು. ಅತ್ತೆಗೆ ಎಪ್ಪತ್ತೊಂಬತ್ತು. ಅವರು ಒಂದು ಬೇಕರಿಯ ಸೌದೆ ಒಲೆಯನ್ನು ಮೂವತ್ತು ವರ್ಷ ನೋಡಿಕೊಂಡವರು. ಬಲಗೈಯ ಮೊಣಕೈವರೆಗೂ ಹಳೆಯ ಸುಟ್ಟ ಕಲೆಗಳಿದ್ದವು. ಮಾತು ಕಡಿಮೆ, ಆಡಿದ್ದು ನೇರ.

ಕಾರಿನ ಹುಚ್ಚು ಹತ್ತಿದ್ದು ಗಂಡನಿಂದ, ಅದೂ ತಪ್ಪಿ. ಏಳು ವರ್ಷದ ಹಿಂದೆ ಅವನು ತಂಗಿಯ ಮಗಳಿಗೆಂದು ಆಟಿಕೆ ಅಂಗಡಿಯಿಂದ ಒಂದು ಕಾರು ತಂದಿದ್ದ. ಮನೆಗೆ ಬಂದು ಡಬ್ಬಿ ತೆರೆದರೆ ಒಳಗೆ ಕಾರೇ ಇಲ್ಲ. ಪ್ಲಾಸ್ಟಿಕ್ ಚೌಕಟ್ಟುಗಳಲ್ಲಿ ನೂರಾರು ಚೂರುಗಳು ಸಾಲಾಗಿ ಅಂಟಿಕೊಂಡಿದ್ದವು.

"ಇದೇನೇ, ಕಾರು ಪುಡಿಪುಡಿ ಆಗಿದೆ. ವಾಪಸ್ ಕೊಟ್ಟು ಬರ್ತೀನಿ" ಎಂದ.

ಅವಳು ಒಂದು ಚೌಕಟ್ಟನ್ನು ಬೆಳಕಿಗೆ ಹಿಡಿದಳು. ಅವಳ ಕೋಣೆಗೆ ಬರುತ್ತಿದ್ದ ಹೊಸ ಹಲ್ಲುಗಳೂ ಹೀಗೇ ಮೇಣದ ಪಟ್ಟಿಗೆ ಸಾಲಾಗಿ ಅಂಟಿಕೊಂಡೇ ಬರುತ್ತಿದ್ದವು.

"ಪುಡಿ ಆಗಿಲ್ಲ ರೀ. ಇನ್ನೂ ಹುಟ್ಟಿಲ್ಲ" ಎಂದಳು.

ತಂಗಿಯ ಮಗಳಿಗೆ ಬೇರೆ ಏನೋ ಹೋಯಿತು. ಆ ಕಾರು ಮೂರು ವಾರದಲ್ಲಿ ಊಟದ ಮೇಜಿನ ಮೂಲೆಯಲ್ಲಿ ಹುಟ್ಟಿತು. ಅಲ್ಲಿಂದೀಚೆಗೆ ಹದಿನಾಲ್ಕು ಕಾರುಗಳಾದವು. ನಿಜವಾದ ಕಾರು ಓಡಿಸಲು ಅವಳಿಗೆ ಬರುತ್ತಿರಲಿಲ್ಲ, ಕಲಿಯುವ ಆಸೆಯೂ ಇರಲಿಲ್ಲ.

ಹದಿನೈದನೆಯದರ ಸುದ್ದಿ ಬಂದದ್ದು ಒಂದು ಮಂಗಳವಾರ, ಊಟದ ಬಿಡುವಿನಲ್ಲಿ. ಇಂಥ ಬಿಡಿ ಚೂರುಗಳ ಕಿಟ್ ಮಾಡುವ ಕಂಪನಿಯವರು ಎಂಟು ತಿಂಗಳಲ್ಲಿ ಹೊಸದೊಂದು ಹಾಟ್ ರಾಡ್ ತರುತ್ತೇವೆಂದು ಫೋನಿನಲ್ಲಿ ಚಿತ್ರ ಕಳಿಸಿದ್ದರು. ಹಾಟ್ ರಾಡ್ ಎಂದರೆ ಅಜ್ಜನ ಕಾಲದ ಡಬ್ಬಿಯಂಥ ಕಾರನ್ನು ಬಿಚ್ಚಿ, ತಲೆಯ ಮೇಲಿನ ಮಾಡನ್ನು ಕೊಯ್ದು ತಗ್ಗಿಸಿ, ಹಿಂದೆ ದಪ್ಪ ಚಕ್ರ ಮುಂದೆ ಸಣ್ಣ ಚಕ್ರ ಕೂರಿಸಿ, ಮುಚ್ಚಳವಿಲ್ಲದ ದೊಡ್ಡ ಎಂಜಿನ್ನನ್ನು ಎಲ್ಲರಿಗೂ ಕಾಣುವಂತೆ ಇಟ್ಟ ಗಾಡಿ. ಚಿತ್ರದಲ್ಲಿದ್ದದ್ದು ಕಪ್ಪು ಬಣ್ಣದ್ದು. ಮೂತಿಯಿಂದ ಬಾಗಿಲವರೆಗೆ ಕೆಂಪು ಹಳದಿ ಬೆಂಕಿ ಹಬ್ಬಿತ್ತು. ಹಲ್ಲಕ್ಕ ಡಬ್ಬಿಯ ಊಟ ಮರೆತು ಆ ಚಿತ್ರವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಆಮೇಲೆ ಹೆಸರು ಬರೆಸಿ, ಫೋನು ಮಡಿಲಲ್ಲಿಟ್ಟುಕೊಂಡು ಒಂದಷ್ಟು ಹೊತ್ತು ಕಿಟಕಿಯಾಚೆ ನೋಡುತ್ತ ಕೂತಳು.

ಕಾಯುವುದೆಂದರೆ ಅವಳಿಗೆ ಕೈಕಟ್ಟಿ ಕೂರುವುದಲ್ಲ. ಎಂಜಿನ್ನಿನ ಕಿಡಿ ತಂತಿಗಳಿಗೆಂದು ಗಂಡನಿಂದ ಲಿಫ್ಟಿನ ಹಳೆಯ ಬೋರ್ಡುಗಳಲ್ಲಿದ್ದ ಕೂದಲೆಳೆಯಂಥ ತಂತಿ ತರಿಸಿದಳು. ಕಪ್ಪು ಬಣ್ಣದಲ್ಲೇ ನಾಲ್ಕು ಥರ ಬೆರೆಸಿ ನೋಡಿದಳು. ಹಲ್ಲು ಹೊಳಪಿಸುವ ನುಣ್ಣನೆಯ ಪುಡಿಯನ್ನು ಒಂದು ಚಿಟಿಕೆ ತಂದು, ಒಣಗಿದ ಬಣ್ಣವನ್ನು ಕನ್ನಡಿಯಂತೆ ಉಜ್ಜುವುದು ಹೇಗೆಂದು ಕಲಿತಳು. ಎಲ್ಲ ಸುಸೂತ್ರವಾಗಿ ನಡೆಯಿತು, ಬೆಂಕಿಯೊಂದನ್ನು ಬಿಟ್ಟು.

ಬೆಂಕಿಯನ್ನು ಅವಳು ಬಿಳಿ ಪ್ಲಾಸ್ಟಿಕ್ ಚಮಚಗಳ ಬೆನ್ನ ಮೇಲೆ ಬಳಿದು ಅಭ್ಯಾಸ ಮಾಡುತ್ತಿದ್ದಳು. ಚಮಚದ ಬೆನ್ನಿಗೂ ಕಾರಿನ ಮೂತಿಗೂ ಒಂದೇ ಬಾಗು. ಇಪ್ಪತ್ತು ಚಮಚ ಮುಗಿದರೂ ಬೆಂಕಿ ಬೆಂಕಿಯಾಗಲಿಲ್ಲ. ಒಂದು ಭಾನುವಾರ ಅತ್ತೆ ಅದರಲ್ಲೊಂದನ್ನು ಎತ್ತಿಕೊಂಡು ಕನ್ನಡಕದ ಹತ್ತಿರಕ್ಕೆ ತಂದರು.

"ಇದೇನೇ, ಬಾಚಣಿಗೆಯಾ?"

"ಬೆಂಕಿ ಅತ್ತೆ."

ಅತ್ತೆ ಇನ್ನೊಂದು ಎತ್ತಿಕೊಂಡರು. "ಇದು?"

"ಅದೂ ಬೆಂಕಿಯೇ."

"ನೀನು ಯಾವತ್ತಾದರೂ ಬೆಂಕಿ ನೋಡಿದ್ದೀಯಾ?"

ಹಲ್ಲಕ್ಕ ಯೋಚಿಸಿದಳು. ಗ್ಯಾಸ್ ಒಲೆಯ ನೀಲಿ ಹೂ ನೋಡಿದ್ದಳು, ಮೇಣ ಕರಗಿಸುವ ದೀಪ ನೋಡಿದ್ದಳು. ಸೌದೆಯ ಬೆಂಕಿಯನ್ನು ಕೂತು ನೋಡಿದ ನೆನಪೇ ಇರಲಿಲ್ಲ.

ಅತ್ತೆ ಕುರ್ಚಿ ಎಳೆದು ಅವಳ ಪಕ್ಕ ಕೂತರು. "ನಿನ್ನ ಬೆಂಕಿಗೆ ತುಂಬಾ ಅವಸರ. ಎಲ್ಲ ತುದಿ ಚೂಪು, ಎಲ್ಲ ಒಂದೇ ಉದ್ದ. ಬೆಂಕಿ ಚುಚ್ಚೋದಿಲ್ಲ ಕಣೆ, ನೆಕ್ಕುತ್ತೆ. ಬುಡದಲ್ಲಿ ದಪ್ಪ ಇರುತ್ತೆ, ನಡುವೆ ಸೊಂಟ ಸಣ್ಣ ಆಗುತ್ತೆ, ತುದಿಗೆ ಬಂದಾಗ ಹೋಗ್ಲಾ ಬೇಡ್ವಾ ಅಂತ ಒಂಚೂರು ನಿಲ್ಲುತ್ತೆ. ಆಮೇಲೆ ತಿರುಗುತ್ತೆ. ಮತ್ತೆ, ಎರಡು ನಾಲಿಗೆ ಪಕ್ಕಪಕ್ಕ ಇದ್ದರೆ ಒಂದು ಉದ್ದ, ಇನ್ನೊಂದು ಮೋಟು. ಸಮಸಮ ಇರೋದೇ ಇಲ್ಲ."

ಹಾಗೆಂದು ಅವರು ಮೇಜಿನ ಮೇಲೆ ಚೆಲ್ಲಿದ್ದ ಚಹಾದಲ್ಲಿ ಬೆರಳದ್ದಿ ಒಂದು ನಾಲಿಗೆ ಎಳೆದರು. ಗೆರೆ ತಿರುಗಬೇಕಾದಲ್ಲೇ ತಿರುಗಿತು. ಹಲ್ಲಕ್ಕ ಆ ಒದ್ದೆ ಗೆರೆ ಆರುವ ಮೊದಲೇ ಕುಂಚ ಎತ್ತಿಕೊಂಡಳು.

ಅವತ್ತಿನಿಂದ ಭಾನುವಾರದ ಬೆಳಗುಗಳು ಇಬ್ಬರದೂ ಆದವು. ಹದಿನೆಂಟು ವರ್ಷ ಒಂದೇ ಸೂರಿನಡಿ ಇದ್ದರೂ ಅತ್ತೆ ತಮ್ಮ ಬೇಕರಿಯ ಮಾತು ಇಷ್ಟೊಂದು ಆಡಿದ್ದಿಲ್ಲ. ಹಸಿ ಸೌದೆ ಯಾವುದು, ಒಣಗಿದ್ದು ಯಾವುದು ಎಂದು ಬರೀ ಸದ್ದಿನಲ್ಲೇ ಹೇಳುತ್ತಿದ್ದರಂತೆ. ಮಾಲೀಕನೊಬ್ಬ ಥರ್ಮಾಮೀಟರ್ ತಂದಾಗ ಅದಕ್ಕಿಂತ ಮೊದಲು ಇವರ ಅಂಗೈಗೆ ಶಾಖ ಗೊತ್ತಾಗಿತ್ತಂತೆ. ಹಲ್ಲಕ್ಕ ಕೇಳುತ್ತ ಬಳಿಯುತ್ತಿದ್ದಳು. ಮೂವತ್ತೇಳನೆಯ ಚಮಚ ಕೈಗೆ ಕೊಟ್ಟಾಗ ಅತ್ತೆ ಬಹಳ ಹೊತ್ತು ನೋಡಿ, "ಇದರಲ್ಲಿ ಬ್ರೆಡ್ಡು ಬೇಯುತ್ತೆ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಆ ಚಮಚವನ್ನು ಹಲ್ಲಕ್ಕ ಕೋಟಿನ ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದಳು. ಒಂದು ದಿನ ಡಾಕ್ಟರಮ್ಮ ಅವಳನ್ನು ಕೆಳಗೆ ಕರೆಸಿದರು. ರಿಟೈರಾದ ಲಾರಿ ಡ್ರೈವರೊಬ್ಬರಿಗೆ ಮೇಲಿನ ಸೆಟ್ಟು ಮಾಡಬೇಕಿತ್ತು, ಹಲ್ಲಿನ ಬಣ್ಣ ಹೊಂದಿಸಿ ನೋಡಬೇಕಿತ್ತು. ಹಲ್ಲಕ್ಕ ಬಣ್ಣದ ಪಟ್ಟಿ ತೆಗೆಯಲು ಜೇಬಿಗೆ ಕೈ ಹಾಕಿ, ಮಾತಿನ ಭರದಲ್ಲಿ ಚಮಚವನ್ನು ಹೊರತೆಗೆದು ಅವರ ಬಾಯಿಯ ಪಕ್ಕ ಹಿಡಿದಳು.

"ಅದೇನಮ್ಮಾ, ಚಮಚಕ್ಕೆ ಬೆಂಕಿ ಬಿದ್ದಿದೆ?" ಎಂದರು ಡ್ರೈವರ್.

ಹಲ್ಲಕ್ಕನ ಮುಖ ಕೆಂಪಾಯಿತು. ಬರಲಿರುವ ಕಾರಿನ ಕತೆಯನ್ನು ಎರಡು ಮಾತಿನಲ್ಲಿ ಹೇಳಿದಳು. ಡ್ರೈವರ್ ಚಮಚವನ್ನು ಈಸಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ನಲವತ್ತೊಂದು ವರ್ಷ ಲಾರಿ ಓಡಿಸಿದೆ. ಬೂದು ಬಣ್ಣದ್ದು. ಮೂತಿಗೆ ಇಂಥದ್ದೊಂದು ಹಾಕಿಸ್ತೀನಿ, ನನ್ನ ಖರ್ಚಲ್ಲೇ ಅಂದೆ. ಮಾಲೀಕರು ಬೇಡ ಅಂದ್ರು." ಚಮಚ ವಾಪಸ್ ಕೊಡುತ್ತ ಕೇಳಿದರು, "ನನ್ನ ಸೆಟ್ಟಿಗೆ ಹಾಕಿಕೊಡ್ತೀಯಾ?"

"ಹಲ್ಲಿನ ಮೇಲಾ?" ಡಾಕ್ಟರಮ್ಮ ಕನ್ನಡಿ ಕೆಳಗಿಟ್ಟರು.

"ಅಲ್ಲ ಡಾಕ್ಟ್ರೇ, ಒಳಗಡೆ. ಅಂಗುಳದ ಹತ್ರ. ಯಾರಿಗೂ ಕಾಣೋದು ಬೇಡ, ನನಗೆ ಗೊತ್ತಿದ್ದರೆ ಸಾಕು."

ಬಣ್ಣ ಹೊಟ್ಟೆಗೆ ಹೋದರೆ ಏನು ಗತಿ ಎಂದು ಡಾಕ್ಟರಮ್ಮ ಹಲ್ಲಕ್ಕನ ಕಡೆ ನೋಡಿದರು. ಅವಳು ಆಗಲೇ ಲೆಕ್ಕ ಹಾಕಿ ಮುಗಿಸಿದ್ದಳು. "ಬಣ್ಣ ಬಳಿಯೋದಲ್ಲ ಮೇಡಂ. ಮಕ್ಕಳ ಹಲ್ಲು ಸಾಲಿಗೆ ತರೋ ಪ್ಲೇಟಿಗೆ ಕೆಂಪು ಹಳದಿ ಪುಡಿ ಹಾಕ್ತೀವಲ್ಲ, ಅದೇ. ಬಾಯಿಗೆ ಅಂತಲೇ ಇರೋದು. ಒಳಗೇ ಕೂತುಬಿಡುತ್ತೆ, ಮೇಲೆ ನುಣ್ಣಗಿರುತ್ತೆ."

ಡಾಕ್ಟರಮ್ಮ ನಕ್ಕರು. "ಯಜಮಾನರ ಬಾಯಿ, ಯಜಮಾನರ ಇಷ್ಟ. ಕಚ್ಚೋಕೆ ಸರಿಯಾಗಿ ಬರಬೇಕು, ಅಷ್ಟೇ."

ಆ ಸೆಟ್ಟಿಗೆ ಹಲ್ಲಕ್ಕ ಯಾವತ್ತಿಗಿಂತ ಎರಡು ದಿನ ಹೆಚ್ಚು ತೆಗೆದುಕೊಂಡಳು. ಮುಂದಿನ ಹಲ್ಲುಗಳ ಹಿಂದಿನಿಂದ ಹೊರಟ ಬೆಂಕಿ ಗಂಟಲಿನ ಕಡೆಗೆ ಹರಿಯುವಂತೆ, ಒಂದು ಉದ್ದ ಒಂದು ಮೋಟು ನಾಲಿಗೆಗಳನ್ನು ಪುಡಿ ಉದುರಿಸಿ, ಅದನ್ನು ಗಟ್ಟಿ ಮಾಡುವ ದ್ರವದ ಹನಿ ಹಾಕಿ ಕೂರಿಸಿದಳು. ಹೊಳಪು ಕೊಟ್ಟು ನೀರಿನ ಬಟ್ಟಲಿಗೆ ಬಿಟ್ಟಾಗ, ಕಾರಿಗೆ ಕಾಯುತ್ತಿದ್ದೇನೆ ಎಂಬುದು ಒಂದು ಗಳಿಗೆ ಮರೆತೇಹೋಗಿತ್ತು.

ಡ್ರೈವರ್ ಬಂದರು. ಸೆಟ್ಟನ್ನು ತಿರುಗಿಸಿ ಒಳಭಾಗ ನೋಡಿದರು. ಬಾಯಿಗೆ ಹಾಕಿಕೊಂಡು ತುಟಿ ಮುಚ್ಚಿ, ಎರಡೂ ಕೈ ಕುರ್ಚಿಯ ತೋಳಿನ ಮೇಲಿಟ್ಟು ಕೂತರು.

"ಎಲ್ಲಾದರೂ ಚುಚ್ಚುತ್ತಾ?" ಡಾಕ್ಟರಮ್ಮ ಕೇಳಿದರು.

ಅವರು ಇಲ್ಲವೆಂದು ತಲೆಯಾಡಿಸಿದರು.

"ಸಡಿಲ ಇದೆಯಾ?"

"ಇಲ್ಲ. ಒಂದು ನಿಮಿಷ ಸುಮ್ನಿರಿ ಡಾಕ್ಟ್ರೇ. ಗಾಡಿ ಸ್ಟಾರ್ಟ್ ಮಾಡ್ಕೊಂಡು ಕೂತಿದ್ದೀನಿ."

ಬಾಗಿಲ ಬಳಿ ನಿಂತಿದ್ದ ಹಲ್ಲಕ್ಕ ನಗು ತಡೆಯಲಾಗದೆ ಮೆಟ್ಟಿಲ ಕಡೆ ಓಡಿದಳು. ಯಾರಿಗೂ ಕಾಣುವುದು ಬೇಡ ಎಂದಿದ್ದ ಆ ಮನುಷ್ಯ ಒಂದು ವಾರದಲ್ಲಿ ಕಟಿಂಗ್ ಶಾಪಿನಲ್ಲಿ, ಬಸ್ ಸ್ಟಾಪಿನಲ್ಲಿ, ಅಳಿಯನ ಆಫೀಸಿನಲ್ಲಿ ಸೆಟ್ಟು ತೆಗೆದು ತೋರಿಸಿ ಬಂದಿದ್ದರು. ಆಮೇಲೆ ಒಬ್ಬ ಹಳೆಯ ಗುಮಾಸ್ತರು ಬಂದು ತಮಗೆ ನೀಲಿ ಅಲೆಗಳು ಬೇಕೆಂದರು. ಅವರ ಹೆಂಡತಿ ಒಂದು ಪುಟ್ಟ ಹಕ್ಕಿ ಸಾಕೆಂದರು. ಹಲ್ಲಕ್ಕ ಎರಡನ್ನೂ ಮಾಡಿಕೊಟ್ಟಳು.

ಎಂಟನೆಯ ತಿಂಗಳಲ್ಲಿ ಕಂಪನಿಯಿಂದ ಬಂದದ್ದು ಕಾರಲ್ಲ, ಕ್ಷಮಾಪಣೆ. ಇನ್ನೂ ಮೂರು ತಿಂಗಳಾಗುತ್ತದಂತೆ. ಸುದ್ದಿ ಓದಿದ ಗಂಡ ಹೆಂಡತಿಯ ಮುಖವನ್ನು ಕಳ್ಳನೋಟದಲ್ಲಿ ನೋಡಿದ, ಸಿಟ್ಟು ಬರುತ್ತದೇನೋ ಎಂದು.

"ಬೇಜಾರಾಯ್ತೇನೇ?"

"ಆಯ್ತು ರೀ. ಆದರೂ ಪರವಾಗಿಲ್ಲ. ಈಗಲೇ ಬಂದಿದ್ದರೆ ಬೇಗ ಮುಗಿದುಹೋಗ್ತಿತ್ತು" ಎಂದಳು. ಹಾಗೆ ಹೇಳಿದ ಮೇಲೆ, ತಾನು ಹೇಳಿದ್ದು ನಿಜವೇ ಹೌದೆಂದು ಹೊಳೆದು ಅವಳಿಗೇ ಆಶ್ಚರ್ಯವಾಯಿತು. ಬೆಳಿಗ್ಗೆ ಎದ್ದ ಕೂಡಲೇ ಆ ಕಪ್ಪು ಮೂತಿ ಕಣ್ಣ ಮುಂದೆ ಬರುತ್ತಿತ್ತು. ಹಲ್ಲುಜ್ಜುವಾಗ ಬಾಗಿಲಿನ ಅಂಚು ಹೇಗೆ ತೀಡುವುದೆಂದು ಯೋಚಿಸುತ್ತಿದ್ದಳು. ಇನ್ನೂ ಕೈಗೆ ಬಾರದ ಕಾರನ್ನು ಅಷ್ಟರಲ್ಲಿ ಆರೇಳು ಸಲ ಮನಸ್ಸಿನಲ್ಲೇ ಕಟ್ಟಿ ಬಿಚ್ಚಿದ್ದಳು.

ಹನ್ನೊಂದನೆಯ ತಿಂಗಳ ಒಂದು ಶನಿವಾರ ಮಧ್ಯಾಹ್ನ ಪಾರ್ಸಲ್ ಬಂತು. ಮೂವರೂ ಮೇಜಿನ ಸುತ್ತ ಕೂತರು. ಹಲ್ಲಕ್ಕ ಟೇಪನ್ನು ಹರಿಯದೆ, ಮೇಣದ ಚಾಕುವಿನಲ್ಲಿ ಉದ್ದಕ್ಕೆ ಸೀಳಿದಳು. ಮುಚ್ಚಳ ಎತ್ತಿದಾಗ ಹೊಸ ಪ್ಲಾಸ್ಟಿಕ್ಕಿನ ವಾಸನೆ ಬಂತು. ಚೌಕಟ್ಟುಗಳನ್ನು ಒಂದೊಂದಾಗಿ ತೆಗೆದು ಪಟ್ಟಿಯೊಂದಿಗೆ ತಾಳೆ ನೋಡಿದಳು. ಎಂಜಿನ್ನು, ಎರಡು ಥರದ ಮಾಡು, ರಬ್ಬರ್ ಚಕ್ರ, ಹೊಳೆಯುವ ಕೊಳವೆಗಳು, ಎಲ್ಲ ಇದ್ದವು. ಡಬ್ಬಿಯ ತಳದಲ್ಲಿ ಒಂದು ನುಣುಪು ಹಾಳೆಯೂ ಇತ್ತು. ಅದರ ಮೇಲೆ ನೀರಿನಲ್ಲಿ ನೆನೆಸಿ ಅಂಟಿಸುವ ಬೆಂಕಿಯ ಚಿತ್ರಗಳು ಅಚ್ಚುಕಟ್ಟಾಗಿ ಮುದ್ರಿಸಿ ತಯಾರಾಗಿದ್ದವು.

ಗಂಡ ಅದನ್ನು ನೋಡಿ ಬಾಯಿಯ ಮೇಲೆ ಕೈ ಇಟ್ಟುಕೊಂಡ. "ಅಯ್ಯೋ, ರೆಡಿಮೇಡ್ ಬೆಂಕಿ. ಇಷ್ಟು ದಿನ ಚಮಚ ಬಳಿದಿದ್ದು ದಂಡ ಆಯ್ತಲ್ಲೇ."

ಹಲ್ಲಕ್ಕನ ಮುಖ ಒಂದು ಕ್ಷಣ ಇಳಿಯಿತು. ಚಿತ್ರಗಳು ನಿಜಕ್ಕೂ ಚೆನ್ನಾಗಿದ್ದವು, ಅಂಚಿನಲ್ಲಿ ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ. ಅತ್ತೆ ಹಾಳೆಯನ್ನು ಈಸಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು, ಮೇಲಿನಿಂದ ಕೆಳಗಿನವರೆಗೂ ನೋಡಿ ಮೇಜಿನ ಮೇಲಿಟ್ಟರು.

"ಅಂದವಾಗಿದೆ. ಚಳಿ ಕಾಯಿಸೋಕೆ ಆಗಲ್ಲ" ಎಂದರು.

ಹಲ್ಲಕ್ಕ ನಕ್ಕಳು. ಹಾಳೆಯನ್ನು ಮತ್ತೆ ಡಬ್ಬಿಯ ತಳಕ್ಕೆ ಸೇರಿಸಿದಳು. "ನಾಳೆ ಬೆಳಿಗ್ಗೆ ಬಿಡುವು ಮಾಡ್ಕೊಳಿ ಅತ್ತೆ. ಎಲ್ಲಿ ಬಗ್ಗಬೇಕು, ಎಲ್ಲಿ ನಿಲ್ಲಬೇಕು ಅಂತ ನೀವೇ ಹೇಳಬೇಕು."

"ನನಗೇನು ಆಫೀಸಾ?" ಎಂದರು ಅತ್ತೆ.

ಆದರೆ ಮರುದಿನ ಬಣ್ಣದ ಮಾತೇ ಬರಲಿಲ್ಲ. ಮೊದಲು ಚೂರುಗಳನ್ನು ತೊಳೆಯಬೇಕಿತ್ತು, ಅಚ್ಚಿನ ಜಿಡ್ಡು ಉಳಿದರೆ ಬಣ್ಣ ಹಿಡಿಯುವುದಿಲ್ಲ. ಹಲ್ಲಕ್ಕ ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ಸೋಪಿನ ನೀರು ಮಾಡಿ, ಹಳೆಯ ಹಲ್ಲಿನ ಬ್ರಷ್ಷಿನಲ್ಲಿ ಒಂದೊಂದು ಚೌಕಟ್ಟನ್ನೂ ಮೆಲ್ಲಗೆ ಉಜ್ಜಿದಳು. ಗಂಡ ಬಾಲ್ಕನಿಯ ಹಗ್ಗಕ್ಕೆ ಅವನ್ನು ಕ್ಲಿಪ್ಪು ಹಾಕಿ ನೇತುಹಾಕಿದ. ಅವನ ಎರಡು ಅಂಗಿಗಳ ನಡುವೆ ಎಂಜಿನ್ನು ತೂಗಾಡಿತು, ಅದರಾಚೆ ಬಾಗಿಲುಗಳು, ಸೀಟುಗಳು. ಎದುರು ಮನೆಯವರು ಇಣುಕಿ, ಅದೇನು ಒಣಹಾಕಿದ್ದೀರಿ ಎಂದು ಕೇಳಿದರು. ಗಂಡ "ಕಾರು" ಎಂದ. ಅವರಿಗೆ ಅರ್ಥವಾಗಲಿಲ್ಲ, ಸುಮ್ಮನೆ ತಲೆಯಾಡಿಸಿ ಒಳಗೆ ಹೋದರು.

ಗಾಳಿ ಸಣ್ಣಗೆ ಬೀಸುತ್ತಿತ್ತು. ಪೂರ್ತಿ ಒಣಗಲು ಇನ್ನೂ ಒಂದು ಗಂಟೆಯಾದರೂ ಬೇಕಿತ್ತು. ಹಲ್ಲಕ್ಕ ಒದ್ದೆ ಕೈ ಒರೆಸಿಕೊಂಡು, ಎರಡು ಕುರ್ಚಿ ತಂದು ಬಾಲ್ಕನಿಯಲ್ಲಿ ಹಾಕಿ, ಅತ್ತೆಯನ್ನು ಕರೆದಳು.